ಒಂದು ವಾರ, ಮೂರು ಆಯಿಲ್ ಚೇಂಜ್

ಬ್ಲಾಗೊಯೆಗೆ ಎಂಜಿನ್ನಿನ ವಿಷಯದಲ್ಲಿ ತಿಳಿಯದ್ದು ಯಾವುದೂ ಇಲ್ಲವೆಂದು ನಮ್ಮೂರು ಪೂರ್ತಿ ನಂಬಿತ್ತು. ನಂಬುವಂತೆ ನೋಡಿಕೊಂಡವನು ಬ್ಲಾಗೊಯೆಯೇ. ಇಪ್ಪತ್ತೊಂಬತ್ತು ವರ್ಷ ಅವನು ಲೆಸ್ಕೊವಾತ್ಸ್ ಪೇಟೆಯ ವಾಹನ ತಪಾಸಣೆ ಕಚೇರಿಯಲ್ಲಿ ಕೆಲಸ ಮಾಡಿದ. ಗಾಡಿಯ ಅಡಿಗೆ ಇಳಿದು ನೋಡುವವನು ಬೇರೆ, ಹೊಗೆ ಅಳೆಯುವವನು ಬೇರೆ. ಅವರಿಬ್ಬರೂ ಬರೆದುಕೊಟ್ಟ ಕಾಗದಕ್ಕೆ ದುಂಡು ಮೊಹರು ಒತ್ತುವವನು ಬ್ಲಾಗೊಯೆ. ಒತ್ತಿದರೆ ಅಂಚು ಕೂಡ ಮಸುಕಾಗುತ್ತಿರಲಿಲ್ಲ. ನಿವೃತ್ತಿಯ ದಿನ ಆ ಮೊಹರನ್ನು ಮರೆತವನಂತೆ ಜೇಬಿಗಿಳಿಸಿ ಮನೆಗೆ ತಂದ.

ಊರಿನಲ್ಲಿ ಯಾರ ಟ್ರ್ಯಾಕ್ಟರ್ ಕೆಮ್ಮಿದರೂ ಮೊದಲು ಕರೆ ಹೋಗುತ್ತಿದ್ದುದು ಅವನಿಗೆ. ಬರುತ್ತಿದ್ದ, ಕೈ ಹಿಂದೆ ಕಟ್ಟಿಕೊಂಡು ತಲೆ ಓರೆ ಮಾಡಿ ಐದು ನಿಮಿಷ ಆಲಿಸುತ್ತಿದ್ದ. ಆಮೇಲೆ ‘ಹ್ಞೂಂ’ ಎನ್ನುತ್ತಿದ್ದ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ‘ತೋಜಾಗೆ ತೋರಿಸು’ ಎನ್ನುತ್ತಿದ್ದ. ತೋಜಾ ರಿಪೇರಿ ಮಾಡಿ ಕಳಿಸಿದ ಮೇಲೆ ‘ನಾನು ಹೇಳಿರಲಿಲ್ವಾ?’ ಎಂದು ಬೇರೆ ಕೇಳುತ್ತಿದ್ದ. ಹೇಳಿದ್ದು ನಿಜವೇ ಆದ್ದರಿಂದ ಯಾರೂ ಎದುರಾಡುತ್ತಿರಲಿಲ್ಲ. ನಾನು ಅವನ ಪಕ್ಕದ ಮನೆಯ ಸ್ರೆತೆನ್, ಬೇಲಿಯ ಮೇಲಿಂದ ಇದನ್ನೆಲ್ಲ ನೋಡುತ್ತಲೇ ಮುದುಕನಾದವನು.

ತೋಜಾ ನಮ್ಮೂರಿನ ಮೆಕ್ಯಾನಿಕ್. ಅದಕ್ಕಿಂತ ದೊಡ್ಡ ವಿಷಯ, ಅವನು ಬ್ಲಾಗೊಯೆಯ ಕೂಮ್. ಕೂಮ್ ಎಂದರೆ ಮದುವೆಯಲ್ಲಿ ಪಕ್ಕದಲ್ಲಿ ಸಾಕ್ಷಿ ನಿಲ್ಲುವವನು. ಮಗುವಿನ ಜ್ಞಾನಸ್ನಾನದ ದಿನ ಅದನ್ನು ತೋಳಲ್ಲಿ ಹಿಡಿದು, ತಾನೇ ಆರಿಸಿದ ಹೆಸರನ್ನು ಹೇಳುವವನು. ತೋಜಾನ ಮುತ್ತಜ್ಜನ ಕಾಲದಿಂದ ಆ ಮನೆಯವರೇ ಈ ಮನೆಯವರಿಗೆ ಕೂಮ್, ಇಬ್ಬರೂ ಒಬ್ಬರನ್ನೊಬ್ಬರು ಕರೆಯುವುದೂ ಹಾಗೆಯೇ. ನಮ್ಮಲ್ಲಿ ಒಡಹುಟ್ಟಿದವರೊಡನೆ ಜಗಳವಾಡಬಹುದು, ಬೇಲಿ ವಿಷಯಕ್ಕೆ ಕೋರ್ಟಿಗೂ ಹೋಗಬಹುದು, ಹೋಗದವರೇ ಕಡಿಮೆ. ಕೂಮ್ ಜೊತೆ ಮಾತ್ರ ದನಿ ಏರಿಸುವಂತಿಲ್ಲ. ಅವನ ಮೇಲೆ ಅನುಮಾನವಂತೂ ಪಡಲೇಬಾರದು. ಪಟ್ಟರೆ ಆ ಮನೆಗೆ ಒಳ್ಳೆಯದಾಗುವುದಿಲ್ಲವೆಂದು ನಮ್ಮ ಹೆಂಗಸರು ಎದೆ ಮುಟ್ಟಿಕೊಂಡು ಹೇಳುತ್ತಾರೆ, ಗಂಡಸರು ಹೇಳದೆ ನಂಬುತ್ತಾರೆ.

ಆ ಸೆಪ್ಟೆಂಬರಿನಲ್ಲಿ ಬ್ಲಾಗೊಯೆ ಒಂದು ಹಳೆಯ ಡೀಸೆಲ್ ಲಾರಿ ಕೊಂಡ. ನಮ್ಮ ಕಣಿವೆಯ ಕೆಂಪು ದೊಣ್ಣೆಮೆಣಸಿನಕಾಯಿಯನ್ನು ನೀಶ್ ಮಾರುಕಟ್ಟೆಗೆ ಹೊಡೆಯುವ ಯೋಚನೆ. ಅಲ್ಲಿಯತನಕ ಅವನು ಓಡಿಸಿದ್ದು ಒಂದು ಪುಟ್ಟ ಪೆಟ್ರೋಲ್ ಕಾರು, ಅದನ್ನೂ ಚರ್ಚಿಗೆ ಮತ್ತು ಹಲ್ಲಿನ ಡಾಕ್ಟರಲ್ಲಿಗೆ. ಲಾರಿ ಬಂದ ಸೋಮವಾರವೇ ತೋಜಾ ಅದರ ಆಯಿಲ್ ಬದಲಾಯಿಸಿ, ಹೊಸ ಫಿಲ್ಟರ್ ಹಾಕಿ, ಬಾನೆಟ್ ಮೇಲೆ ಎರಡು ಸಲ ತಟ್ಟಿ ಕಳಿಸಿದ. ಭಾನುವಾರ ಬ್ಲಾಗೊಯೆಯ ಮೊಮ್ಮಗಳ ಜ್ಞಾನಸ್ನಾನವಿತ್ತು. ‘ಹೆಸರು ಯೋಚಿಸಿಟ್ಟಿದ್ದೀಯಾ ಕೂಮ್?’ ಎಂದು ಬ್ಲಾಗೊಯೆ ಕೇಳಿದ್ದಕ್ಕೆ, ‘ಇಟ್ಟಿದ್ದೀನಿ’ ಎಂದಷ್ಟೇ ಹೇಳಿದ. ಅವನ ಬಾಯಿಂದ ಮಾತು ಹೊರಡಿಸುವುದು ಕಷ್ಟ.

ಮಂಗಳವಾರ ಬ್ಲಾಗೊಯೆ ನೀಶ್‌ಗೆ ಹೋಗಿ ಬಂದ. ಬುಧವಾರ ಬೆಳಿಗ್ಗೆ ನಾನು ಅಂಗಳದಲ್ಲಿ ಮೆಣಸಿನಕಾಯಿ ಸುಡಲು ಒಲೆ ಹೊತ್ತಿಸುತ್ತಿದ್ದೆ. ಬೇಲಿಯ ಆಚೆ ಬ್ಲಾಗೊಯೆ ಲಾರಿಯ ಬಾನೆಟ್ ತೆರೆದು, ಆಯಿಲ್ ನೋಡುವ ಕಡ್ಡಿಯನ್ನು ಹೊರಗೆಳೆದು, ಬಿಳಿ ಕರವಸ್ತ್ರಕ್ಕೆ ಒರೆಸಿದ. ನೋಡಿದ. ಮತ್ತೆ ಅದ್ದಿ ಮತ್ತೆ ಒರೆಸಿದ.

‘ಸ್ರೆತೆನ್, ಬಾ ಇಲ್ಲಿ. ಇದು ಯಾವ ಬಣ್ಣ?’

‘ಕಪ್ಪು’ ಎಂದೆ.

‘ಮೊನ್ನೆ ಬದಲಾಯಿಸಿದ ಆಯಿಲ್ ಇದು.’

ಅವನ ಪುಟ್ಟ ಕಾರಿನಲ್ಲಿ ಆಯಿಲ್ ಹಾಕಿ ಆರು ತಿಂಗಳಾದರೂ ಜೇನಿನ ಬಣ್ಣದಲ್ಲೇ ಇರುತ್ತಿತ್ತು. ಇದೋ, ಎರಡೇ ದಿನಕ್ಕೆ ಡಾಂಬರು. ತೋಜಾ ಹಳೆಯ ಆಯಿಲ್ ತೆಗೆದೇ ಇಲ್ಲ ಎಂಬ ಯೋಚನೆ ಬ್ಲಾಗೊಯೆಯ ತಲೆಗೆ ಬಂದದ್ದನ್ನು ನಾನು ಅವನ ಕಿವಿ ಕೆಂಪಾದದ್ದರಿಂದಲೇ ತಿಳಿದುಕೊಂಡೆ.

‘ಕೇಳಿಬಿಡು ಅವನನ್ನೇ’ ಎಂದೆ.

‘ಕೂಮ್‌ನ ಹೋಗಿ ಆಯಿಲ್ ಹಾಕಿದ್ಯೋ ಇಲ್ವೋ ಅಂತ ಕೇಳ್ಲಾ? ಭಾನುವಾರ ಮಗು ಹಿಡಿಯೋನನ್ನ?’

‘ಹಾಗಾದ್ರೆ ಯಾಕೆ ಕಪ್ಪಾಯ್ತು ಅಂತ ಕೇಳು.’

ಅವನು ನನ್ನನ್ನು ನೋಡಿದ ನೋಟಕ್ಕೆ ನನಗೇ ನಾಚಿಕೆಯಾಯಿತು. ಇಪ್ಪತ್ತೊಂಬತ್ತು ವರ್ಷ ಮೊಹರು ಒತ್ತಿದವನು ಎಂಜಿನ್ನಿನ ಬಗ್ಗೆ ಪ್ರಶ್ನೆ ಕೇಳುವುದೇ? ಕೇಳಿದರೆ ಈತನಿಗೆ ಗೊತ್ತಿಲ್ಲವೆಂದಾಯಿತು. ಗೊತ್ತಿಲ್ಲವೆಂದಾದರೆ ಊರ ಟ್ರ್ಯಾಕ್ಟರುಗಳ ಮುಂದೆ ಕೈ ಕಟ್ಟಿ ನಿಂತ ಅಷ್ಟೂ ವರ್ಷ ನೀರಿಗೆ ಹೋಯಿತು. ಕೂಮ್ ಮೇಲೆ ಅನುಮಾನ ಪಡುವುದು ಪಾಪ, ಪ್ರಶ್ನೆ ಕೇಳುವುದು ಅವಮಾನ. ಎರಡೂ ಆಗದ ಮೇಲೆ ಉಳಿದದ್ದು ಒಂದೇ ದಾರಿ, ನಂಬಿಕಸ್ಥ ಮೆಕ್ಯಾನಿಕ್ ಒಬ್ಬನನ್ನು ಗುಟ್ಟಾಗಿ ಹುಡುಕುವುದು.

ಗುಟ್ಟಾಗಿ ಎಂದೆ. ಲಾರಿಯ ಬಣ್ಣ ಕಿತ್ತಳೆ. ಅದರ ಹಾರನ್ ಮೂರು ಊರಿಗೆ ಕೇಳುತ್ತದೆ.

ಆದರೂ ಕಚೇರಿಯ ಮನುಷ್ಯನಲ್ಲವೇ, ಎಲ್ಲವನ್ನೂ ಕ್ರಮಬದ್ಧವಾಗಿಯೇ ಮಾಡಿದ. ಹೆಂಡತಿ ದೆಸಾಂಕಾ ಐವಾರ್, ಅಂದರೆ ಸುಟ್ಟ ಮೆಣಸಿನಕಾಯಿಯ ಗೊಜ್ಜು, ತುಂಬಿಸಲು ತೊಳೆದಿಟ್ಟ ಗಾಜಿನ ಜಾಡಿಗಳಲ್ಲಿ ಒಂದನ್ನು ಎತ್ತಿ, ಲಾರಿಯಿಂದ ಒಂದು ಲೋಟದಷ್ಟು ಕರಿ ಆಯಿಲ್ ಇಳಿಸಿ, ಮುಚ್ಚಳ ಬಿಗಿದು, ಚೀಟಿ ಅಂಟಿಸಿ, ಚೀಟಿಯ ಮೇಲೆ ದುಂಡು ಮೊಹರು ಒತ್ತಿದ. ಬಿಸಿಲು ತಾಗದ ತಂಪು ಜಾಗ ಬೇಕೆಂದು ಅಡುಗೆಮನೆಯ ಉಗ್ರಾಣದಲ್ಲಿ ಹಣ್ಣಿನ ಮುರಬ್ಬಗಳ ಸಾಲಿನಲ್ಲಿ ಇಟ್ಟ. ಆಮೇಲೆ ಲಾರಿ ಹತ್ತಿ ಪೇಟೆಗೆ ಹೋದ.

ಪೇಟೆಯ ಹೆದ್ದಾರಿಯಲ್ಲಿ ಹೊಸದಾಗಿ ತೆರೆದ ಸರ್ವಿಸ್ ಸೆಂಟರಿನ ನೆಲಕ್ಕೆ ಬಿಳಿ ಟೈಲ್ಸ್. ಗಿರಾಕಿಗಳು ಗಾಜಿನ ಕೋಣೆಯಲ್ಲಿ ಕೂತು ಕಾಫಿ ಕುಡಿಯಬೇಕು, ಒಳಗೆ ಬರುವಂತಿಲ್ಲ. ಬಿಳಿ ಕೋಟಿನವನೊಬ್ಬ ಬಂದು, ‘ಲಾರಿಗೆ ಏನಾಗಿದೆ ಸಾರ್?’ ಎಂದ.

‘ಅದನ್ನ ನೀವೇ ಹೇಳ್ಬೇಕು’ ಎಂದ ಬ್ಲಾಗೊಯೆ, ಪರೀಕ್ಷೆ ನಡೆಸುವವನ ಗತ್ತಿನಲ್ಲಿ.

‘ಆಯಿಲ್ ಬದಲಾಯಿಸಿ ಎಷ್ಟು ದಿನ ಆಯ್ತು?’

‘ನೋಡಿ, ಗೊತ್ತಾಗುತ್ತೆ.’

ಬಿಳಿ ಕೋಟು ಕಡ್ಡಿ ಎಳೆದು ನೋಡಿ, ತಲೆ ಆಡಿಸಿ, ‘ಬದಲಾಯಿಸಿಬಿಡೋಣ ಸಾರ್’ ಎಂದಿತು. ಅವರಿಗೇನು, ಕೇಳಿದವರಿಗೆ ಹಾಕುತ್ತಾರೆ. ಬ್ಲಾಗೊಯೆಗೆ ಮಾತ್ರ ತನ್ನ ಅನುಮಾನಕ್ಕೆ ಸರ್ಕಾರಿ ಮುದ್ರೆ ಬಿದ್ದಷ್ಟು ಸಮಾಧಾನವಾಯಿತು. ಗುರುವಾರ ಬೆಳಿಗ್ಗೆ ಮತ್ತೊಂದು ಲೋಡು ನೀಶ್‌ಗೆ ಹಾಕಿ ಬಂದು ಕಡ್ಡಿ ಎಳೆದರೆ ಆಯಿಲ್ ಕಪ್ಪಗಿತ್ತು. ಎರಡನೆಯ ಜಾಡಿ ಉಗ್ರಾಣ ಸೇರಿತು.

‘ಗಾಜಿನ ಕೋಣೆ ಯಾಕೆ ಕಟ್ಟಿಸಿದ್ದಾರೆ ಅಂತ ಈಗ ಅರ್ಥ ಆಯ್ತು’ ಎಂದ ಬೇಲಿಯ ಮೇಲಿಂದ. ‘ಕಣ್ಣೆದುರಿಗೆ ಕೂರಿಸಿ ಕಣ್ಣು ಕಟ್ಟೋದಕ್ಕೆ. ಇನ್ನು ನಾನೇ ಪಕ್ಕದಲ್ಲಿ ನಿಂತು ನೋಡ್ತೀನಿ. ನಮ್ಮ ಪರಿಚಯವೇ ಇಲ್ಲದ ಊರಿಗೆ ಹೋಗ್ತೀನಿ.’

ಅಂದೇ ಮಧ್ಯಾಹ್ನ ಬೆಟ್ಟದಾಚೆಗೆ ನಲವತ್ತು ಕಿಲೋಮೀಟರ್ ಹೋದ. ಅಲ್ಲಿನ ಮೆಕ್ಯಾನಿಕ್ ದಪ್ಪ ಮೀಸೆಯವನು, ಹಾಡಿಕೊಂಡು ಕೆಲಸ ಮಾಡುವವನು. ಬ್ಲಾಗೊಯೆ ಅವನ ಜೊತೆಗೇ ಲಾರಿಯ ಅಡಿಯ ಗುಂಡಿಗೆ ಇಳಿದು, ಮೊಣಕಾಲು ಮಡಚಿ ಕೂತು, ಹಳೆಯ ಆಯಿಲ್ ಕೊನೆಯ ಹನಿಯ ತನಕ ಬೀಳುವುದನ್ನು ನೋಡಿದ. ಹೊಸ ಡಬ್ಬಿಯ ಸೀಲನ್ನು ತಾನೇ ಒಡೆದ. ಆಯಿಲ್ ಬಂಗಾರದ ಬಣ್ಣದಲ್ಲಿ ಇಳಿಯಿತು. ಮೀಸೆಯವನು ಹಾಡು ನಿಲ್ಲಿಸಿ, ‘ಅಣ್ಣಾ, ನಾನು ಆಯಿಲ್ ಕದೀತೀನಿ ಅಂತ ನೋಡ್ತಿದ್ದೀಯೋ ಇಲ್ಲಾ ಕಸುಬು ಕಲೀತಿದ್ದೀಯೋ?’ ಎಂದ.

‘ನನಗೆ ಕಸುಬು ಗೊತ್ತು’ ಎಂದ ಬ್ಲಾಗೊಯೆ.

ನಲವತ್ತು ಕಿಲೋಮೀಟರ್ ವಾಪಸು ಬಂದು ಲಾರಿ ನಿಲ್ಲಿಸಿ, ಎಂಜಿನ್ ತಣಿಯಲು ಬಿಟ್ಟು, ಕಡ್ಡಿ ಎಳೆದ. ನಾನೂ ಬೇಲಿ ದಾಟಿ ಹೋಗಿದ್ದೆ. ಅದೇ ಕಪ್ಪು. ಬ್ಲಾಗೊಯೆ ಲಾರಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಬೇರೆ ಯಾರಾದರೂ ಆಗಿದ್ದರೆ ಆ ಕ್ಷಣಕ್ಕೆ ತಪ್ಪು ತನ್ನದೇ ಎಂದು ಹೊಳೆಯುತ್ತಿತ್ತೋ ಏನೋ. ಅವನು ಮಾತ್ರ ನಿಟ್ಟುಸಿರು ಬಿಟ್ಟು, ‘ಇದು ಮೆಕ್ಯಾನಿಕ್‌ಗಳ ಮಟ್ಟದ್ದಲ್ಲ ಸ್ರೆತೆನ್’ ಎಂದ. ‘ಆಯಿಲ್ ಕಾರ್ಖಾನೆಯಿಂದ್ಲೇ ಶುರುವಾಗಿದೆ ಇದು.’ ಮೂರನೆಯ ಜಾಡಿ ತರಲು ಎದ್ದ.

ಇತ್ತ ಊರು ತನ್ನ ಕೆಲಸ ಮಾಡುತ್ತಿತ್ತು. ವಾರಕ್ಕೆ ಮೂರು ಸಲ ಆಯಿಲ್ ಬದಲಾಯಿಸುವವನು ಸುಮ್ಮನೆ ಬದಲಾಯಿಸುವುದಿಲ್ಲ. ನಮ್ಮ ಅಂಗಳದಲ್ಲಿ ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಸುಲಿಯಲು ಕೂತಿದ್ದ ಹೆಂಗಸರು ಬೆರಳಿನ ಜೊತೆ ನಾಲಿಗೆಯನ್ನೂ ಆಡಿಸಿದರು. ಅಂಚೆ ಹಂಚುವ ಸ್ತೊಯಾಂಕಾಳ ಪ್ರಕಾರ ಬ್ಲಾಗೊಯೆ ಲಾರಿ ಸಮೇತ ಜರ್ಮನಿಗೆ ಹೊರಟಿದ್ದಾನೆ, ದೂರದ ದಾರಿಗೆ ಎಂಜಿನ್ ಅಣಿ ಮಾಡುತ್ತಿದ್ದಾನೆ.

‘ಒಬ್ನೇನಾ?’ ಎಂದಳು ನನ್ನ ಹೆಂಡತಿ.

‘ಒಬ್ನೇ ಹೋಗೋನು ಪೇಟೆಗೆ ಹೋಗ್ವಾಗ ಅಷ್ಟು ನೀಟಾಗಿ ಗಡ್ಡ ಕೆರ್ಕೋತಾನಾ?’ ಎಂದಳು ಸ್ತೊಯಾಂಕಾ.

ಬೇಲಿಯ ಆಚೆ ದೆಸಾಂಕಾಗೆ ಎಲ್ಲವೂ ಕೇಳುತ್ತಿತ್ತು. ಅವಳು ಗಂಡ ಜರ್ಮನಿಗೆ ಹೋಗುವುದರ ಬಗ್ಗೆ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ‘ಹೋಗೋದಾದ್ರೆ ಹೋಗ್ಲಿ. ನನ್ನ ಮೂರು ಜಾಡಿ ಎಲ್ಲಿಟ್ಟಿದ್ದಾನೆ ಅಂತ ಹೇಳಿ ಹೋಗ್ಲಿ!’ ಎಂದು ಕೂಗಿದಳು. ಐವಾರ್ ಕಾಲದಲ್ಲಿ ನಮ್ಮ ಹೆಂಗಸರಿಗೆ ಜಾಡಿ ಗಂಡನಿಗಿಂತ ಒಂದು ತೂಕ ಹೆಚ್ಚು.

ಶುಕ್ರವಾರ ಸಂಜೆ ತೋಜಾ ಬಂದ. ನಾನು ಆಗಲೇ ಅಲ್ಲಿದ್ದೆ, ಭಾನುವಾರಕ್ಕೆ ಬೆಂಚುಗಳನ್ನು ಕೊಡುವ ಮಾತಿಗೆಂದು ಹೋಗಿದ್ದೆ. ತೋಜಾ ಕೈಕಾಲು ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಕೂತು, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡ.

‘ಕೂಮ್, ಬೆಟ್ಟದಾಚೆ ಆ ಮೀಸೆಯವನು ನನ್ನ ಹತ್ರಾನೇ ಕೆಲಸ ಕಲಿತೋನು. ನಿನ್ನೆ ಫೋನ್ ಮಾಡಿದ್ದ. ಕಿತ್ತಳೆ ಬಣ್ಣದ ಲಾರಿ ಬಂದಿತ್ತು, ಅಡಿಯ ಡ್ರೈನ್ ನಟ್ ಮೇಲೆ ನನ್ನ ಗುರುತು ಇತ್ತು, ಬೆರಳಿಗೆ ಹಚ್ಚಿ ನೋಡಿದ್ರೆ ಆಯಿಲ್ ಹೊಸದಾಗೇ ಇತ್ತು, ಆದ್ರೂ ಬದಲಾಯಿಸ್ಕೊಂಡು ಹೋದ ಅಂದ.’

‘ಓಹೋ’ ಎಂದ ಬ್ಲಾಗೊಯೆ.

‘ಲಾರಿಗೆ ಏನಾದ್ರೂ ಆಗಿದ್ಯಾ? ನಾನೇನಾದ್ರೂ ತಪ್ಪು ಮಾಡಿದ್ನಾ? ಮಾಡಿದ್ರೆ ಹೇಳು. ಬಿಚ್ಚಿ ಸರಿ ಮಾಡ್ತೀನಿ.’

ಅವನು ಅದನ್ನು ಬಹಳ ಮೆತ್ತಗೆ ಕೇಳಿದ. ಬ್ಲಾಗೊಯೆ ಎದ್ದು ನಿಂತು ಎರಡೂ ಕೈ ಆಡಿಸಿದ. ‘ಛೆ ಛೆ! ನಿನ್ನ ಮೇಲೆ ಅನುಮಾನವೇ? ದೇವರಾಣೆ ಇಲ್ಲ. ಅದು... ಎಂಜಿನ್ ಹಳೇದು ನೋಡು, ತೊಳೆದಷ್ಟೂ ಒಳ್ಳೇದು ಅಂತ... ಒಂದು ಪದ್ಧತಿ ಇದೆ. ಕಚೇರಿಯಲ್ಲಿ ನಾವು...’

‘ತೊಳೆಯೋ ಪದ್ಧತಿ’ ಎಂದ ತೋಜಾ.

‘ಹೌದು.’

ಅಷ್ಟರಲ್ಲಿ ದೆಸಾಂಕಾ ತಟ್ಟೆ ಹಿಡಿದು ಬಂದಳು. ಮನೆಗೆ ಯಾರೇ ಬಂದರೂ ಮೊದಲು ಒಂದು ಚಮಚ ಹಣ್ಣಿನ ಮುರಬ್ಬ, ಒಂದು ಲೋಟ ನೀರು. ಬಂದವನು ಕೂಮ್ ಆದರೆ ಬಟ್ಟಲಿಗೆ ಬಗ್ಗಿಸಿ ತರುವುದಿಲ್ಲ, ಜಾಡಿಯನ್ನೇ ತಂದಿಟ್ಟು ಎಷ್ಟು ಬೇಕೋ ಅಷ್ಟು ತೆಗೆದುಕೋ ಎನ್ನುವುದು ಆ ಮನೆಯ ಮರ್ಯಾದೆ. ಉಗ್ರಾಣದ ಮಬ್ಬಿನಲ್ಲಿ ಪ್ಲಮ್ ಮುರಬ್ಬವೆಂದು ಕೈಗೆ ಸಿಕ್ಕಿದ ಕರಿ ಜಾಡಿಯನ್ನು ಎತ್ತಿ ತಂದಿದ್ದಳು. ಪಕ್ಕದಲ್ಲಿ ಬೆಳ್ಳಿ ಚಮಚ. ‘ತಗೊಳ್ಳಿ ಕೂಮ್, ಈ ವರ್ಷದ್ದೇ’ ಎಂದಳು.

ತೋಜಾ ಚಮಚ ಕೈಗೆತ್ತಿಕೊಂಡ. ಜಾಡಿಯನ್ನು ತನ್ನ ಕಡೆಗೆ ತಿರುಗಿಸಿದ. ಚೀಟಿಯ ಮೇಲೆ ಬ್ಲಾಗೊಯೆಯ ಗುಂಡನೆಯ ಕೈಬರಹದಲ್ಲಿ ಹೀಗಿತ್ತು: ‘ಮಾದರಿ ಒಂದು. ಸರ್ವಿಸ್ ಮಾಡಿದವನು ತೋಜಾ. ಸೋಮವಾರ. ಆಯಿಲ್ ಬದಲಾಯಿಸಿಲ್ಲವೆಂಬ ಬಲವಾದ ಅನುಮಾನ.’ ಅದರ ಕೆಳಗೆ ದುಂಡು ಮೊಹರು, ಅಂಚು ಕೂಡ ಮಸುಕಾಗದೆ.

ತೋಜಾ ಅದನ್ನು ಪೂರ್ತಿ ಓದಿದ. ಚಮಚವನ್ನು ಅದ್ದದೆ ಮೊದಲಿದ್ದಲ್ಲೇ ಇಟ್ಟ. ನೀರು ಕುಡಿದ. ‘ದೆಸಾಂಕಾ, ಈ ಸಲ ಪ್ಲಮ್ ಸ್ವಲ್ಪ ಹೆಚ್ಚೇ ಬೆಂದಿದೆ’ ಎಂದು ಹೇಳಿ, ಟೋಪಿ ಹಾಕಿಕೊಂಡು ಹೋದ.

ದೆಸಾಂಕಾ ಚೀಟಿ ಓದಿದಳು. ಆಮೇಲೆ ಆ ಮನೆಯಲ್ಲಿ ನಡೆದದ್ದನ್ನು ನಾನು ಎದ್ದು ಬಂದು ಬೇಲಿ ಹತ್ತಿರ ನಿಂತಿದ್ದರೂ ಬರೆಯುವುದಿಲ್ಲ. ಒಂದು ಮಾತು ಮಾತ್ರ ಬರೆಯುತ್ತೇನೆ, ಅದು ಇಡೀ ಬೀದಿಗೆ ಕೇಳಿಸಿತ್ತು: ‘ಇನ್ನು ನಿನ್ನ ಮೊಮ್ಮಗಳಿಗೆ ಆ ಮೊಹರೇ ಹೆಸರಿಡ್ಲಿ!’

ಶನಿವಾರ ಬ್ಲಾಗೊಯೆ ಒಳ್ಳೆಯ ರಾಕಿಯಾ, ಅಂದರೆ ಹಣ್ಣಿನ ಸಾರಾಯಿಯ ಬಾಟಲಿ ಹಿಡಿದು ತೋಜಾನ ವರ್ಕ್‌ಶಾಪಿಗೆ ಹೋದ. ಬಾಗಿಲು ಹಾಕಿತ್ತು. ಮನೆಗೆ ಹೋದ. ಮೊರಾವಾ ನದಿಗೆ ಮೀನು ಹಿಡಿಯಲು ಹೋಗಿದ್ದಾನೆಂದರು. ನದಿಗೆ ಹೋಗುವ ಧೈರ್ಯ ಅವನಿಗಿರಲಿಲ್ಲ. ಸೊಸೆ ಮಗುವನ್ನು ಎತ್ತಿಕೊಂಡು ಅಳುತ್ತಿದ್ದಳು, ಮಗ ಅಪ್ಪನ ಜೊತೆ ಮಾತು ಬಿಟ್ಟಿದ್ದ. ನಾಲ್ಕು ತಲೆಮಾರಿನ ಸಂಬಂಧ ಒಂದು ಲೋಟ ಆಯಿಲ್‌ನಲ್ಲಿ ಮುಳುಗುತ್ತಿತ್ತು. ‘ಸ್ರೆತೆನ್, ನೀನು ಹೋಗಪ್ಪಾ’ ಎಂದ ನನಗೆ. ಅವನು ನನ್ನನ್ನು ಅಪ್ಪಾ ಎಂದದ್ದು ಅದೇ ಮೊದಲು.

ಹೋದೆ. ತೋಜಾ ಗಾಳದ ಬೆಂಡನ್ನೇ ನೋಡುತ್ತ ಕೂತಿದ್ದ. ನಾನು ಸಂಬಂಧ, ಮಗು, ದೇವರು ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿ, ‘ಬರ್ತೀನಿ. ಕೂಮ್ ಆದೋನು ಬರದೇ ಇರೋಕಾಗುತ್ತಾ?’ ಎಂದ. ನಾನು ಏಳುವಷ್ಟರಲ್ಲಿ ಮತ್ತೆ ಹೇಳಿದ. ‘ಆದ್ರೆ ಹೆಸರು ಹೇಳೋಕೆ ಮುಂಚೆ ಅವನು ನನ್ನನ್ನ ಒಂದು ಪ್ರಶ್ನೆ ಕೇಳ್ಬೇಕು. ಕ್ಷಮೆ ಬೇಡ, ರಾಕಿಯಾ ಬೇಡ. ಪ್ರಶ್ನೆ. ಯಾವುದು ಅಂತ ಅವನಿಗೇ ಗೊತ್ತು.’

ಭಾನುವಾರ ಚರ್ಚಿನ ಅಂಗಳದಲ್ಲಿ ಊರೆಲ್ಲ ಸೇರಿತ್ತು. ಯಾರಿಗೂ ಕರೆ ಹೋಗಿರಲಿಲ್ಲ, ಸುದ್ದಿ ಹೋಗಿತ್ತು. ತೋಜಾ ಮಗುವನ್ನು ತೋಳಲ್ಲಿ ಹಿಡಿದು ಬಾಗಿಲಲ್ಲಿ ನಿಂತ. ಎಷ್ಟು ಉಜ್ಜಿದರೂ ಹೋಗದ ಕಪ್ಪು ಅವನ ಉಗುರಿನ ಸಂದಿಯಲ್ಲಿತ್ತು. ಪಾದ್ರಿ ಸಾವಾ ಪುಸ್ತಕ ತೆರೆದು, ‘ಹೆಸರು?’ ಎಂದರು.

ತೋಜಾ ಬ್ಲಾಗೊಯೆಯನ್ನು ನೋಡಿದ. ಊರು ಬ್ಲಾಗೊಯೆಯನ್ನು ನೋಡಿತು.

ಬ್ಲಾಗೊಯೆ ಕೊರಳಪಟ್ಟಿ ಸಡಿಲಿಸಿಕೊಂಡ. ‘ಕೂಮ್... ಮನೇಲಿ ಎಲ್ಲ ಆರೋಗ್ಯವಾ?’

‘ಆರೋಗ್ಯ’ ಎಂದ ತೋಜಾ. ಹೆಸರು ಹೇಳಲಿಲ್ಲ.

‘ನಿನ್ನೆ ಮೀನು ಸಿಕ್ತಾ?’

‘ಎರಡು.’

‘ಬ್ಲಾಗೊಯೆ!’ ಎಂದಳು ದೆಸಾಂಕಾ ಹಿಂದಿನಿಂದ, ಹಲ್ಲು ಕಚ್ಚಿ.

ಮಗು ಒಮ್ಮೆ ಆಕಳಿಸಿತು. ಬ್ಲಾಗೊಯೆ ಅದರ ಮುಖ ನೋಡಿದ. ಆಮೇಲೆ ಹಿಂದೆ ಕಟ್ಟಿಕೊಂಡಿದ್ದ ಕೈಗಳನ್ನು ಬಿಚ್ಚಿ, ಎಲ್ಲಿಡಬೇಕೆಂದು ತಿಳಿಯದೆ ಮುಂದೆ ಜೋತುಬಿಟ್ಟು, ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಿದ:

‘ಹೊಸ ಆಯಿಲ್ ಯಾಕೆ ಕಪ್ಪಾಗುತ್ತೆ ಕೂಮ್? ನನಗೆ ಗೊತ್ತಿಲ್ಲ. ಎಂಜಿನ್ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಯಾವತ್ತೂ ಗೊತ್ತಿರ್ಲಿಲ್ಲ.’

ಯಾರೋ ಕಿಸಕ್ಕೆಂದರು. ತೋಜಾ ನಗಲಿಲ್ಲ. ಮಗುವನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡು, ನಾನು ಕಂಡಂತೆ ಜೀವಮಾನದಲ್ಲೇ ಅತಿ ಉದ್ದದ ಮಾತಾಡಿದ. ‘ಡೀಸೆಲ್ ಉರಿದ್ರೆ ಮಸಿ ಬರುತ್ತೆ. ಪೆಟ್ರೋಲ್‌ಗಿಂತ ಜಾಸ್ತಿ. ಆ ಮಸೀನ ಎಂಜಿನ್‌ಗೆ ಅಂಟಿಕೊಳ್ಳೋಕೆ ಬಿಡದೆ ತನ್ನ ಮೇಲೆ ಎಳ್ಕೊಳ್ಳೋದೇ ಆಯಿಲ್ ಕೆಲಸ. ಎಷ್ಟೇ ಬಸಿದ್ರೂ ಒಳಗೆ ಹಳೇದು ಒಂಚೂರು ಉಳ್ದಿರುತ್ತೆ, ಅದೂ ಸೇರುತ್ತೆ. ಹಳೇ ಎಂಜಿನ್ ಆದ್ರೆ ನಲವತ್ತು ಕಿಲೋಮೀಟರಿಗೇ ಕಪ್ಪು. ಕಪ್ಪಾದ್ರೆ ಕೆಲಸ ಮಾಡ್ತಿದೆ ಅಂತ. ಇಷ್ಟೇ. ಮೊದ್ಲೇ ಕೇಳಿದ್ರೆ ಬುಧವಾರವೇ ಹೇಳ್ತಿದ್ದೆ.’

‘ಮೊದ್ಲೇ ಕೇಳ್ಬೇಕಿತ್ತು’ ಎಂದ ಬ್ಲಾಗೊಯೆ. ಕಣ್ಣಲ್ಲಿ ನೀರಿತ್ತು, ಅದನ್ನು ಒರೆಸಿಕೊಳ್ಳಲಿಲ್ಲ.

ಈಗ ಊರು ಹೊಟ್ಟೆ ಹಿಡಿದು ನಗಬೇಕಿತ್ತು. ನಗಲಿಲ್ಲ. ಟ್ರ್ಯಾಕ್ಟರ್ ಇದ್ದ ಗಂಡಸರೆಲ್ಲ ನೆಲ ನೋಡುತ್ತಿದ್ದರು. ಪಾದ್ರಿ ಸಾವಾ ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಮೆಲ್ಲಗೆ ಕೆಮ್ಮಿದರು.

‘ತೋಜಾ, ಆ ನಲವತ್ತು ಕಿಲೋಮೀಟರ್ ಅನ್ನೋದು... ಕಾರಿಗೂ ಹಾಗೇನಾ? ಡೀಸೆಲ್ ಕಾರಿಗೆ?’

‘ಹೆಚ್ಚುಕಮ್ಮಿ ಹಾಗೇ ಫಾದರ್.’

‘ನಾನು ಎರಡು ವರ್ಷದಿಂದ ನಿನ್ನ ಹತ್ರ ಬರ್ದೇ ಇದ್ದದ್ದು...’

‘ಗೊತ್ತು ಫಾದರ್’ ಎಂದ ತೋಜಾ. ‘ಹೆಸರು ಯೆಫಿಮಿಯಾ.’

ಮಗುವಿಗೆ ನೀರು ಬಿತ್ತು, ಅದು ಊರು ಹಾರುವಂತೆ ಅತ್ತಿತು, ದೆಸಾಂಕಾ ಅದಕ್ಕಿಂತ ಜೋರಾಗಿ ಅತ್ತಳು. ಅಂದಿನ ಊಟದಲ್ಲಿ ಕೂಮ್‌ಗಳಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಒಂದೇ ತಟ್ಟೆಯಿಂದ ಹುರಿದ ಮಾಂಸ ತಿಂದರು.

ಸೋಮವಾರ ಬೆಳಿಗ್ಗೆ ನಾನು ನನ್ನ ಟ್ರ್ಯಾಕ್ಟರ್ ತೆಗೆದುಕೊಂಡು ತೋಜಾನ ವರ್ಕ್‌ಶಾಪಿಗೆ ಹೋದೆ. ಹಾಗೇ, ಬ್ರೇಕ್ ತೋರಿಸಿಕೊಂಡು ಬರೋಣವೆಂದು. ಹಿಂದಿನ ಮೂರು ವರ್ಷ ನಾನು ಆಯಿಲ್ ಹಾಕಿಸಿದ್ದು ಪೇಟೆಯಲ್ಲಿ. ಯಾಕೆಂದು ಯಾರೂ ಕೇಳದಿರುವುದೇ ವಾಸಿ. ನನಗಿಂತ ಮುಂಚೆ ಪಾದ್ರಿಗಳ ಕಾರು ನಿಂತಿತ್ತು, ಅದರ ಮುಂದೆ ಇನ್ನೂ ನಾಲ್ಕು ಟ್ರ್ಯಾಕ್ಟರ್. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಒಳಗೆ ಬ್ಲಾಗೊಯೆ ತೋಜಾನ ಪಕ್ಕದಲ್ಲಿ ಗುಂಡಿಗಿಳಿದಿದ್ದ. ನಾಚಿಕೆ ಬಿಟ್ಟವನಿಗೆ ಇನ್ನೇನು, ಒಂದಾದ ಮೇಲೊಂದು ಕೇಳುತ್ತಲೇ ಇದ್ದ. ಈ ಪೈಪ್ ಯಾವುದಕ್ಕೆ? ಇದು ಬಿಸಿಯಾದರೆ ಏನಾಗುತ್ತೆ? ಗೇರ್‌ನ ಆಯಿಲ್ ಬೇರೆಯೇ? ಅಲ್ಲಿಂದ ಇಲ್ಲಿಯವರೆಗೂ ವಾರಕ್ಕೆರಡು ದಿನ ಅವನು ಅಲ್ಲೇ ಇರುತ್ತಾನೆ. ಅವನು ಕೇಳುತ್ತಾನೆ, ತೋಜಾ ಹೇಳುತ್ತಾನೆ. ನಾವು ಉಳಿದವರೆಲ್ಲ ಬಾಗಿಲಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತು, ಅದೆಲ್ಲ ನಮಗೆ ಮೊದಲೇ ಗೊತ್ತಿತ್ತು ಎನ್ನುವ ಹಾಗೆ ತಲೆ ಆಡಿಸುತ್ತ, ಒಂದಕ್ಷರ ಬಿಡದೆ ಕೇಳಿಸಿಕೊಳ್ಳುತ್ತೇವೆ.